ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಪಾನಿಗೆ ಓದಲು ಹೋದ ಚೀನೀಯರಲ್ಲಿ ಕೆಲವರು ಅಲ್ಲಿನ ಹೆಣ್ಣನ್ನೇ ಮದುವೆಯಾಗುತ್ತಿದ್ದುದೇಕೆ?
ಮುಖ್ಯ ಕಾರಣ, ದಿನದ ಒಡನಾಟ. 1905ರಲ್ಲಿ, ಅಧಿಕಾರಿಗಳನ್ನು ಆರಿಸುತ್ತಿದ್ದ ಚೀನಾದ ಹಳೆಯ ಸರ್ಕಾರಿ ಪರೀಕ್ಷೆ ರದ್ದಾದ ಕಾಲಕ್ಕೆ ಸಾವಿರಾರು ಹುಡುಗರು ಟೋಕಿಯೊ ಸೇರಿದ್ದರು; ಚೀನೀ ಹುಡುಗಿಯರು ತೀರಾ ಕಡಿಮೆ. ಅನ್ನ ಬೇಯಿಸಿಕೊಡುವವರು, ಕಾಯಿಲೆ ಬಿದ್ದರೆ ನೋಡಿಕೊಳ್ಳುವವರು ಜಪಾನಿ ಹೆಂಗಸರೇ. ಮಾತು ತಡವರಿಸಿದರೆ ಕಾಗದದ ಮೇಲೆ ಚೀನೀ ಅಕ್ಷರ ಬರೆದು ತೋರಿಸಬಹುದಿತ್ತು, ಲಿಪಿಯಲ್ಲಿ ಅಷ್ಟು ಸಾಮ್ಯ. ಲೇಖಕ ಝೌ ಝುವೊರೆನ್ 1909ರಲ್ಲಿ ಕೈಹಿಡಿದ ಹಬುಟೊ ನೊಬುಕೊ, ವಿದ್ಯಾರ್ಥಿಗಳಿದ್ದ ಮನೆಗೆ ಅಡುಗೆ ಕೆಲಸಕ್ಕೆ ಬರುತ್ತಿದ್ದವರು. ಕವಿ ಗುವೊ ಮೊರುವೊ 1916ರಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಸಾಟೊ ಟೊಮಿಕೊ ಅವರನ್ನು ಕಂಡರು. ಗುವೊಗೆ ಊರಲ್ಲಿ ಹಿರಿಯರು ಮಾಡಿಸಿದ ಮದುವೆ ಆಗಲೇ ಆಗಿತ್ತು. ತಾನೇ ಮೆಚ್ಚಿದ ಸಂಗಾತಿ ಬೇಕೆಂಬುದು ಆ ತಲೆಮಾರಿನ ದೊಡ್ಡ ಆಸೆ. ಬೆಲೆ ತೆತ್ತವರು ಮಾತ್ರ ಹೆಚ್ಚಾಗಿ ಹೆಂಗಸರು: 1937ರಲ್ಲಿ ಚೀನಾ-ಜಪಾನ್ ಯುದ್ಧ ಶುರುವಾದಾಗ ಗುವೊ, ಟೊಮಿಕೊ ಅವರನ್ನೂ ಐವರು ಮಕ್ಕಳನ್ನೂ ಜಪಾನಿನಲ್ಲೇ ಬಿಟ್ಟು ಚೀನಾಕ್ಕೆ ಮರಳಿದರು.