ಕ್ಲಾಸಿನಲ್ಲಿ ಕಾಮಿಕ್ಸ್ ಓದಿಸ್ತಾರಂತೆ, ದೂರು ಕೊಡಬೇಕಾ?

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ಒಂಬತ್ತನೇ ಕ್ಲಾಸು. ಇಂಗ್ಲಿಷ್ ಪೀರಿಯಡ್ ಶುರುವಾದ ಕೂಡಲೇ ಹತ್ತು ನಿಮಿಷ ಯಾರಿಗೆ ಯಾವ ಪುಸ್ತಕ ಬೇಕೋ ಅದನ್ನು ಓದಿಕೊಳ್ಳಬೇಕಂತೆ. ಇವಳು ಆರಿಸಿಕೊಂಡಿರುವುದು ಬರೀ ಚಿತ್ರಗಳಿರುವ ‘ಅಮೆರಿಕನ್ ಬಾರ್ನ್ ಚೈನೀಸ್’. ಇಡೀ ವರ್ಷಕ್ಕೆ ಷೇಕ್ಸ್‌ಪಿಯರ್‌ದು ಒಂದೇ ನಾಟಕ. ನಮ್ಮ ಯಜಮಾನರು ಪ್ರಿನ್ಸಿಪಾಲರಿಗೆ ಮೇಲ್ ಬರೆಯುತ್ತೇನೆ ಅಂತಿದ್ದಾರೆ. ಬರೆಯಬಹುದಾ?

ಉತ್ತರ: ಬರೆಯಲಿ, ಆದರೆ ಅದಕ್ಕೆ ಮೊದಲು ಇಬ್ಬರೂ ಆ ಪುಸ್ತಕ ಓದಿಬಿಡಿ. ಒಂದು ಸಂಜೆ ಸಾಕು. ಜೀನ್ ಲುಯೆನ್ ಯಾಂಗ್ ಅವರ ಈ ಪುಸ್ತಕ ಬಂದಿದ್ದು 2006ರಲ್ಲಿ. ಮರುವರ್ಷ ಇದಕ್ಕೆ ಪ್ರಿಂಟ್ಜ್ ಪ್ರಶಸ್ತಿ ಸಿಕ್ಕಿತು. ಹದಿಹರೆಯದವರ ಪುಸ್ತಕಗಳಿಗೆ ಕೊಡುವ ಆ ಪ್ರಶಸ್ತಿ ಅದುವರೆಗೆ ಯಾವ ಗ್ರಾಫಿಕ್ ಕಾದಂಬರಿಗೂ ಬಂದಿರಲಿಲ್ಲ. ಚೀನೀ ಪುರಾಣದ ವಾನರ ರಾಜ, ಡಬ್ಬಿಯಲ್ಲಿ ತಂದ ಊಟಕ್ಕೆ ಸಹಪಾಠಿಗಳಿಂದ ಹಂಗಿಸಿಕೊಳ್ಳುವ ಒಬ್ಬ ಹುಡುಗ, ತನ್ನ ಚೀನೀ ನೆಂಟನನ್ನು ಕಂಡರೆ ನಾಚಿಕೆಯಿಂದ ಕುಗ್ಗುವ ಇನ್ನೊಬ್ಬ, ಹೀಗೆ ಮೂರು ಕಥೆ. ಮೂರೂ ಕೊನೆಗೆ ಹೇಗೆ ಒಂದಾಗುತ್ತವೆ ಅಂತ ಮಗಳನ್ನೇ ಕೇಳಿ. ಅವಳು ವಿವರಿಸಿದರೆ ಅದು ಪಾಠವೇ. ನಾವು ಹೈಸ್ಕೂಲಿನಲ್ಲಿ ಗೈಡ್ ನೋಡಿ ಬರೆದ ಸಾರಾಂಶಕ್ಕಿಂತ ಎಷ್ಟೋ ವಾಸಿ.

ಟೀಚರ್ ಸುಮ್ನೆ ಹೀಗೆ ಮಾಡುತ್ತಿಲ್ಲ. ಅಮೆರಿಕದ ಹೈಸ್ಕೂಲುಗಳಲ್ಲಿ ಕಡ್ಡಾಯವಾಗಿ ಓದಿಸುವ ಪುಸ್ತಕಗಳು ಯಾವುವು ಅಂತ ಶಿಕ್ಷಣ ಸಂಶೋಧಕ ಆರ್ಥರ್ ಆಪಲ್‌ಬೀ ಅವರು ಮಾಡಿದ ಸಮೀಕ್ಷೆ 1989ರಲ್ಲಿ ಪ್ರಕಟವಾಯಿತು. ಸರ್ಕಾರಿ ಶಾಲೆಗಳ ಮೊದಲ ಹತ್ತರಲ್ಲಿ ನಾಲ್ಕು ಷೇಕ್ಸ್‌ಪಿಯರ್‌ವೇ. ಹೆಂಗಸು ಬರೆದದ್ದು ಒಂದೇ ಒಂದು, ಹಾರ್ಪರ್ ಲೀ ಅವರದು. ಬಿಳಿಯರಲ್ಲದವರದು ಒಂದೂ ಇರಲಿಲ್ಲ. ನಿಮ್ಮ ಮಗಳ ಕ್ಲಾಸಿನಲ್ಲಿ ಈಗ ಕೂತಿರುವ ಮಕ್ಕಳ ಮುಖ ನೆನಪಿಸಿಕೊಂಡು ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ.

ಇನ್ನು ಪುಸ್ತಕ ಆರಿಸುವ ಸ್ವಾತಂತ್ರ್ಯ. ಇದು ಈಗಿನ ಫ್ಯಾಷನ್ ಅಲ್ಲ. ನ್ಯಾನ್ಸಿ ಆಟ್ವೆಲ್ ಎಂಬ ಟೀಚರ್ 1987ರಲ್ಲೇ ಇದರ ಬಗ್ಗೆ ಪುಸ್ತಕ ಬರೆದಿದ್ದಾರೆ. ಮೇನ್ ರಾಜ್ಯದಲ್ಲಿ ಅವರು ಕಟ್ಟಿದ ಪುಟ್ಟ ಶಾಲೆಯ ಮಕ್ಕಳು ವರ್ಷಕ್ಕೆ ಸರಾಸರಿ ನಲವತ್ತು ಪುಸ್ತಕ ಓದುತ್ತಾರೆ. 2015ರಲ್ಲಿ ಅವರಿಗೆ ಗ್ಲೋಬಲ್ ಟೀಚರ್ ಪ್ರಶಸ್ತಿ, ಹತ್ತು ಲಕ್ಷ ಡಾಲರ್, ಬಂದಾಗ ಅಷ್ಟನ್ನೂ ಶಾಲೆಗೇ ಕೊಟ್ಟುಬಿಟ್ಟರು.

ಆದರೆ ಒಂದು ಮಾತು. ‘ಏನು ಬೇಕಾದರೂ ಓದ್ಕೋ’ ಅಂತ ಹೇಳಿ ಟೀಚರ್ ತಮ್ಮ ಪಾಡಿಗೆ ಪೇಪರ್ ತಿದ್ದುತ್ತಾ ಕೂತರೆ ಅದು ದಂಡ. ಯಾವ ಮಗು ಎಲ್ಲಿ ಸಿಕ್ಕಿಕೊಂಡಿದೆ, ಯಾರು ಸುಮ್ಮನೆ ಪುಟ ತಿರುಗಿಸುತ್ತಿದ್ದಾರೆ, ಈ ಪುಸ್ತಕ ಮುಗಿದ ಮೇಲೆ ಸ್ವಲ್ಪ ಕಷ್ಟದ್ದು ಯಾವುದು ಕೊಡಬಹುದು ಅನ್ನುವುದೆಲ್ಲ ಟೀಚರಿಗೆ ಗೊತ್ತಿರಬೇಕು, ಅದಕ್ಕೆ ಅವರೇ ಜಾಸ್ತಿ ಓದಿರಬೇಕು. ಹಾಗಾಗಿ ದೂರು ಬೇಡ, ಒಂದು ಪ್ರಶ್ನೆ ಕಳಿಸಿ: ಮಗಳೊಬ್ಬಳ ಜೊತೆಯೇ ಕೂತು ಅವಳ ಪುಸ್ತಕದ ಬಗ್ಗೆ ಮಾತಾಡುತ್ತೀರಾ? ಹೌದು ಅಂದರೆ ನಿಶ್ಚಿಂತೆಯಿಂದಿರಿ. ಷೇಕ್ಸ್‌ಪಿಯರ್ ಒಂದೇ ಸಾಕು, ಇಡೀ ಕ್ಲಾಸು ಕೂತು ನಿಧಾನವಾಗಿ ಓದಿದರೆ.

ಪ್ರಶ್ನೆ: ಮಗ ಆರನೇ ಕ್ಲಾಸು, ಟೆಕ್ಸಸ್‌ನಲ್ಲಿ. ನಮ್ಮೂರು ಶಿವಮೊಗ್ಗ. ಟೀಚರ್ ಎಲ್ಲರಿಗೂ ಬೇರೆ ಬೇರೆ ಪುಸ್ತಕ ಕೊಟ್ಟು, ಇವನಿಗೆ ಮಾತ್ರ ‘ಇದು ನಿಮ್ಮವರ ಕಥೆ’ ಅಂತ ಭಾರತ ವಿಭಜನೆಯ ಕಾದಂಬರಿ ‘ದಿ ನೈಟ್ ಡೈರಿ’ ಕೊಟ್ಟರಂತೆ. ಅವನಿಗೆ ಬೇಕಾಗಿದ್ದು ಬಾಸ್ಕೆಟ್‌ಬಾಲ್ ಪುಸ್ತಕ. ಮುಖ ಊದಿಸಿಕೊಂಡಿದ್ದಾನೆ.

ಉತ್ತರ: ಊದಿಸಿಕೊಳ್ಳಲಿ ಬಿಡಿ, ಅವನ ಕಡೆ ನ್ಯಾಯವಿದೆ. ಪುಸ್ತಕ ಒಳ್ಳೆಯದೇ. 1947ರಲ್ಲಿ ಮೀರ್‌ಪುರ್ ಖಾಸ್‌ನಿಂದ ಜೋಧಪುರದ ಕಡೆ ಹೊರಡುವ ಹನ್ನೆರಡು ವರ್ಷದ ಹುಡುಗಿ, ತೀರಿಹೋದ ಅಮ್ಮನಿಗೆ ಬರೆಯುವ ಪತ್ರಗಳು. ಆದರೆ ಅದು ಶಿವಮೊಗ್ಗದ ಅಜ್ಜಿಯ ಮೊಮ್ಮಗನಿಗೆ ಹೇಗೆ ‘ನಿಮ್ಮವರ ಕಥೆ’ ಆಯ್ತು? ಅವನಿಗೂ ಅದು ದೂರದ ಕಥೆಯೇ, ಪಕ್ಕದ ಬೆಂಚಿನ ಹುಡುಗನಿಗೆ ಎಷ್ಟು ದೂರವೋ ಹೆಚ್ಚುಕಮ್ಮಿ ಅಷ್ಟೇ.

ಮಕ್ಕಳಿಗೆ ಪುಸ್ತಕ ತಮ್ಮನ್ನೇ ತೋರಿಸುವ ಕನ್ನಡಿಯೂ ಆಗಬೇಕು, ಬೇರೆಯವರ ಬದುಕು ತೋರಿಸುವ ಕಿಟಕಿಯೂ ಆಗಬೇಕು ಅಂತ 1990ರಲ್ಲಿ ಬರೆದವರು ಅಮೆರಿಕದ ಮಕ್ಕಳ ಸಾಹಿತ್ಯದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್. ಅಲ್ಲಿನ ಟೀಚರುಗಳಿಗೆಲ್ಲ ಈ ಮಾತು ಬಾಯಿಪಾಠ. ಆದರೆ ಬರೀ ಕನ್ನಡಿಗಳೇ ಸಿಗುವ ಬಹುಸಂಖ್ಯಾತರ ಮಕ್ಕಳಿಗೂ ನಷ್ಟವೇ ಅಂತ ಅವರು ಅದೇ ಲೇಖನದಲ್ಲಿ ಹೇಳಿದ್ದನ್ನು ಎಷ್ಟೋ ಜನ ಮರೆಯುತ್ತಾರೆ. ಅಂದಮೇಲೆ ವಿಭಜನೆಯ ಕಥೆ ಮೊದಲು ಓದಬೇಕಾದವರು ಆ ಪಕ್ಕದ ಬೆಂಚಿನವರು, ಅಲ್ವಾ? ಟೀಚರಿಗೆ ಇದನ್ನು ನಗುತ್ತಲೇ ಹೇಳಿ. ಮಗನಿಗೆ ಕ್ವಾಮೆ ಅಲೆಕ್ಸಾಂಡರ್ ಬರೆದ ‘ದಿ ಕ್ರಾಸ್‌ಓವರ್’ ಕೊಡಿಸಿ. ಬಾಸ್ಕೆಟ್‌ಬಾಲ್ ಆಡುವ ಅವಳಿ ಅಣ್ಣತಮ್ಮಂದಿರ ಕಥೆ, ಪೂರ್ತಿ ಪದ್ಯದಲ್ಲಿ. ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬರಿ ಪದಕವನ್ನು 2015ರಲ್ಲಿ ಗೆದ್ದಿದೆ. ಪದ್ಯ ಅಂತ ಮೊದಲೇ ಹೇಳಬೇಡಿ.

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ನಾನು. ನಿಮ್ಮ ಅಮೆರಿಕದ ಮಾತೆಲ್ಲ ಸರಿ ಮೇಡಂ. ನಮ್ಮಲ್ಲಿ ಪಠ್ಯಪುಸ್ತಕ ಮುಗಿಸುವುದೇ ಕಷ್ಟ, ಆಯ್ಕೆ ಎಲ್ಲಿಂದ ತರಲಿ?

ಉತ್ತರ: ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಮಕ್ಕಳ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್ ನೋಡಿ ಸರ್. 2015ರಿಂದ ಇದೆ, ಪುಕ್ಕಟೆ, ಪ್ರಿಂಟ್ ತೆಗೆದು ಹಂಚಿದರೂ ಯಾರೂ ಕೇಳುವುದಿಲ್ಲ. ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಕನ್ನಡದಲ್ಲಿ ಓದಿ ಕಥೆ ಗೊತ್ತಿರುವ ಹುಡುಗ ಇಂಗ್ಲಿಷಿನದಕ್ಕೆ ಹೆದರುವುದಿಲ್ಲ. ಒಂದಿಪ್ಪತ್ತು ಕಥೆ ಪ್ರಿಂಟ್ ಮಾಡಿ, ಪಿನ್ ಹೊಡೆದು, ಶನಿವಾರ ಒಂದು ಪೀರಿಯಡ್ ಮೇಜಿನ ಮೇಲೆ ಹರಡಿ. ಹೈಸ್ಕೂಲು ಹುಡುಗರಿಗೆ ಚಿಕ್ಕಮಕ್ಕಳ ಪುಸ್ತಕ ಅನಿಸಿದರೆ ಅವಮಾನವಾಗುತ್ತದೆ, ಅದಕ್ಕೇ ಪ್ರಾಣಿ, ವಿಜ್ಞಾನ, ನಿಜವಾದ ಜನರ ಬದುಕು, ಇಂಥವನ್ನೇ ಜಾಸ್ತಿ ಆರಿಸಿ. ಇಷ್ಟವಾಗದಿದ್ದರೆ ಅರ್ಧಕ್ಕೇ ಬಿಟ್ಟು ಬೇರೆ ಎತ್ತಿಕೊಳ್ಳಲಿ. ಕೊನೆಗೆ ಪ್ರಶ್ನೋತ್ತರ ಬರೆಸಬೇಡಿ, ಅದೊಂದು ಮಾಡಿದರೆ ಮುಂದಿನ ಶನಿವಾರ ಮೇಜಿನ ಹತ್ತಿರ ಯಾರೂ ಬರುವುದಿಲ್ಲ.