ಹುಬ್ಬಳ್ಳಿಯಲ್ಲಿ ಶೋರೂಮ್ ಸರ್ವಿಸ್‌ಗೆ ಕಾರು ಬಿಟ್ಟರೆ ಬಿಲ್ ಯಾಕೆ ಅಷ್ಟು ಏರುತ್ತದೆ? ತಡೆಯುವುದು ಹೇಗೆ?

ಬಿಲ್ ಏರಿಸುವುದು ಆಯಿಲ್, ಫಿಲ್ಟರ್‌ಗಿಂತ ಜೊತೆಗೆ ಸೇರಿಸುವ ಎಂಜಿನ್ ಫ್ಲಶ್ (ಎಂಜಿನ್ ಒಳಗಿನ ಕೊಳೆ ತೊಳೆಯುವುದು), ಎಸಿ ಕ್ಲೀನಿಂಗ್, ಟೆಫ್ಲಾನ್ ಕೋಟಿಂಗ್ (ಬಣ್ಣದ ಮೇಲೆ ಹಚ್ಚುವ ರಕ್ಷಣೆಯ ಲೇಪ) ಇಂಥ ಹೆಚ್ಚುವರಿಗಳು. ಸರ್ವಿಸ್ ಅಡ್ವೈಸರ್‌ಗೆ ಸಾಮಾನ್ಯವಾಗಿ ಇವನ್ನು ಮಾರುವ ಟಾರ್ಗೆಟ್ ಇರುತ್ತದೆ. ಅದಕ್ಕೇ "ಮಾಡಿಸಿಬಿಡ್ರಿ ಸರ, ಪಿಕಪ್ ಛಲೋ ಬರ್ತೈತಿ" ಅನ್ನುವುದು. ಎಷ್ಟು ಕಿಲೋಮೀಟರ್‌ಗೆ ಏನು ಬದಲಿಸಬೇಕು ಎಂಬ ಪಟ್ಟಿ ಕಾರಿನ ಜೊತೆ ಬಂದ ಓನರ್ಸ್ ಮ್ಯಾನ್ಯುಯಲ್‌ನಲ್ಲಿದೆ. ಅದರ ಫೋಟೊ ಮೊಬೈಲ್‌ನಲ್ಲಿರಲಿ. ಅದರಲ್ಲಿಲ್ಲದ್ದನ್ನು ಜಾಬ್ ಕಾರ್ಡ್‌ನಿಂದ (ಶೋರೂಮ್‌ನವರು ಮಾಡಬೇಕಾದ ಕೆಲಸ ಬರೆದುಕೊಳ್ಳುವ ಹಾಳೆ) ಹೊಡೆದುಹಾಕಿಸಿ, ಎಸ್ಟಿಮೇಟ್ ನೋಡಿಯೇ ಸಹಿ ಮಾಡಿ. ಒಮ್ಮೆ ನನಗೆ ಬ್ರೇಕ್ ಪ್ಯಾಡ್ ಸವೆದಿದೆ ಅಂದರು. "ಗಾಲಿ ಬಿಚ್ಚಿ ತೋರಿಸ್ರಿ" ಅಂದೆ. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಏರ್ ಫಿಲ್ಟರ್‌ಗೆ ಮಾತ್ರ ಜಗಳ ಬೇಡ, ನಮ್ಮೂರ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುವುದು ನಿಜ.