ಆಟೋಮ್ಯಾಟಿಕ್ ಗೇಟಿಗೆ ಸೆನ್ಸರ್ ಇದ್ರೆ ಸಾಕಾ?

ಪ್ರಶ್ನೆ: ಮನೆ ಗೇಟ್‌ಗೆ ಈಚೆಗೆ ಮೋಟರ್ ಹಾಕಿಸಿದ್ವಿ, ಸ್ಲೈಡಿಂಗ್ ಗೇಟು. ನಾಲ್ಕು ವರ್ಷದ ಮೊಮ್ಮಗಳು ಗ್ರಿಲ್ ಹಿಡ್ಕೊಂಡು ಗೇಟ್ ಜೊತೆನೇ ಸವಾರಿ ಹೋಗ್ತಾಳೆ. ಹಾಕಿದವ್ರು ಸೆನ್ಸರ್ ಇದೆ, ಏನೂ ಆಗಲ್ಲ ಅಂತಾರೆ. ನಂಬಬಹುದಾ? – ಓದುಗರು, ಮೈಸೂರು

ಉತ್ತರ: ಇಲ್ಲಮ್ಮ, ಅಷ್ಟನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ. ಆ ಸವಾರಿ ಇವತ್ತೇ ನಿಲ್ಲಿಸಿ.

ಅವ್ರು ಹೇಳ್ತಿರೋ ಸೆನ್ಸರ್ ಅಂದ್ರೆ ಎದುರುಬದುರು ಹಾಕಿರೋ ಫೋಟೋಸೆಲ್. ಕಣ್ಣಿಗೆ ಕಾಣದ ಒಂದು ಕಿರಣ ಈ ಕಡೆಯಿಂದ ಆ ಕಡೆಗೆ ಹೋಗ್ತಿರುತ್ತೆ, ಯಾರಾದ್ರೂ ಅಡ್ಡ ಬಂದ್ರೆ ಗೇಟ್ ನಿಂತು ವಾಪಸ್ ಹೋಗುತ್ತೆ. ಅದು ಕಾಯೋದು ಆ ಒಂದು ಗೆರೆ ಮಾತ್ರ, ಅದೂ ಮಂಡಿ ಎತ್ತರದಲ್ಲಿ ಹಾಕಿರ್ತಾರೆ, ಬಾಲ್ ಎತ್ಕೊಳ್ಳೋಕೆ ಕೆಳಗೆ ಕುಕ್ಕರುಗಾಲಲ್ಲಿ ಕೂತ ಮಗು ಅದಕ್ಕೆ ಕಾಣದೇ ಇರಬಹುದು. ಇನ್ನೊಂದು ವಿಷ್ಯ, ಸಾಮಾನ್ಯವಾಗಿ ಇದನ್ನ ಗೇಟ್ ಮುಚ್ಚುವಾಗ ಮಾತ್ರ ಕೆಲ್ಸ ಮಾಡೋ ಹಾಗೆ ಸೆಟ್ ಮಾಡಿರ್ತಾರೆ.

ನಿಮ್ಮ ಮೊಮ್ಮಗಳ ವಿಷ್ಯದಲ್ಲಿ ನಂಗೆ ಭಯ ಇರೋದು ಗೇಟ್ ತೆಗೆಯುವಾಗ. ಗೇಟ್ ಹಿಂದಕ್ಕೆ ಸರಿದು ಪಿಲ್ಲರ್ ಪಕ್ಕದಲ್ಲಿ ಹೋಗುವಾಗ ಗ್ರಿಲ್ ಸರಳಿಗೂ ಪಿಲ್ಲರ್ ಅಂಚಿಗೂ ಮಧ್ಯೆ ಬೆರಳೋ ಮೊಣಕೈಯೋ ಸಿಕ್ಕಿದ್ರೆ ಅಡಕತ್ತರಿಗೆ ಸಿಕ್ಕಿದ ಹಾಗೇ. ಕಾಂಪೌಂಡ್ ಗೋಡೆಗೂ ಗೇಟಿಗೂ ನಡುವಿನ ಸಂದಿ, ಮೋಟರ್ ಹತ್ರ ಹಲ್ಲಿನ ಪಟ್ಟಿ ಓಡೋ ಜಾಗ, ಇವೂ ಅಷ್ಟೇ ಅಪಾಯ. 2010ರಲ್ಲಿ ಬ್ರಿಟನ್ನಿನ ಮ್ಯಾಂಚೆಸ್ಟರ್ ಮತ್ತು ಬ್ರಿಡ್ಜೆಂಡ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಪುಟ್ಟ ಹುಡುಗೀರು ಎಲೆಕ್ಟ್ರಿಕ್ ಗೇಟಿಗೆ ಸಿಕ್ಕಿ ತೀರ್ಕೊಂಡ್ರು. ಗೇಟ್ ಮೋಟರ್‌ಗಳ ಸುರಕ್ಷತೆಗೆ ಅಂತ ಇರೋ ಅಮೆರಿಕದ ಯುಎಲ್ 325 ಸ್ಟ್ಯಾಂಡರ್ಡ್ ಪ್ರಕಾರ ಸಿಕ್ಕಿಹಾಕ್ಕೊಳ್ಳೋ ಒಂದೊಂದು ಜಾಗಕ್ಕೂ ಎರಡು ಬೇರೆಬೇರೆ ರಕ್ಷಣೆ ಇರ್ಬೇಕು, ನೀವೂ ಅದನ್ನೇ ಕೇಳಿ.

ಮೊದ್ಲು ವೆಲ್ಡಿಂಗ್‌ನವ್ರನ್ನ ಕರ್ಸಿ ಗ್ರಿಲ್‌ಗೆ ಕೆಳಗಿಂದ ಆರಡಿವರೆಗೆ ಶೀಟ್ ಹೊಡೆಸಿ, ಕೈ ತೂರೋಕೂ ಆಗ್ಬಾರ್ದು, ಕಾಲಿಟ್ಟು ಹತ್ತೋಕೂ ಆಗ್ಬಾರ್ದು. ಆಮೇಲೆ ಗೇಟಿನ ಮುಂದಿನ ಅಂಚಿಗೂ ಹಿಂದಿನ ಪಿಲ್ಲರಿಗೂ ಸೇಫ್ಟಿ ಎಡ್ಜ್ ಹಾಕಿಸಿ, ರಬ್ಬರ್ ಪಟ್ಟಿ ಥರ ಇರುತ್ತೆ, ಒತ್ತಿದ ತಕ್ಷಣ ಗೇಟ್ ವಾಪಸ್ ಹೋಗುತ್ತೆ. ಗೇಟ್ ಹಳಿಯಿಂದ ಆಚೆ ಹೋಗಿ ಬೀಳದ ಹಾಗೆ ಎರಡೂ ಕಡೆ ಗಟ್ಟಿ ಸ್ಟಾಪರ್ ಇದ್ಯಾ ನೋಡಿ. ಗೋಡೆ ಮೇಲಿನ ಸ್ವಿಚ್ಚು ಗೇಟಿನಿಂದ ಆರಡಿಗಿಂತ ದೂರ, ಆದ್ರೆ ಗೇಟ್ ಕಾಣೋ ಜಾಗದಲ್ಲಿ ಇರ್ಲಿ. ನಡ್ಕೊಂಡು ಬರೋರಿಗೆ ಬೇರೆ ಚಿಕ್ಕ ಗೇಟ್ ಇರ್ಲೇಬೇಕು.

ಫೋರ್ಸ್ ಸೆಟ್ಟಿಂಗ್, ಅಂದ್ರೆ ಮೋಟರ್ ಗೇಟನ್ನ ಎಷ್ಟು ಬಲವಾಗಿ ತಳ್ಳಬೇಕು ಅನ್ನೋ ಸೆಟ್ಟಿಂಗ್, ಅದರ ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಮಳೆಗಾಲದಲ್ಲಿ ಹಳಿಗೆ ಮಣ್ಣು ಕಲ್ಲು ಸೇರಿ ಗೇಟ್ ಅರ್ಧಕ್ಕೆ ನಿಲ್ಲುತ್ತೆ, ಆಗ ಮೆಕ್ಯಾನಿಕ್ ಬಂದು ಹಳಿ ಕ್ಲೀನ್ ಮಾಡೋದು ಬಿಟ್ಟು ಫೋರ್ಸ್ ಏರಿಸಿ ಹೋಗ್ತಾನೆ, ಗೇಟೇನೋ ಓಡುತ್ತೆ, ಆದ್ರೆ ಮಗು ಅಡ್ಡ ಸಿಕ್ಕಿದ್ರೂ ನಿಲ್ಲಲ್ಲ. ಹಾಗೆ ಮಾಡೋಕೆ ಬಿಡ್ಬೇಡಿ. ತಿಂಗಳಿಗೊಂದ್ಸಲ ಖಾಲಿ ರಟ್ಟಿನ ಡಬ್ಬವನ್ನ ಕಿರಣಕ್ಕಿಂತ ಕೆಳಗೆ ಬರೋ ಹಾಗೆ ಪಿಲ್ಲರ್‌ಗೆ ಒತ್ತಿ ಇಟ್ಟು ಗೇಟ್ ಮುಚ್ಚಿ, ಡಬ್ಬ ಅಪ್ಪಚ್ಚಿ ಆದ್ರೆ ರಿಪೇರಿ ಆಗೋವರೆಗೂ ಮೋಟರ್ ಬಳಸ್ಬೇಡಿ.

ಕೊನೇದಾಗಿ ರಿಲೀಸ್ ಕೀ. ಕರೆಂಟ್ ಹೋದ್ರೂ ಈ ಮೋಟರಿನ ಗೇರ್ ಗೇಟನ್ನ ಬಿಗಿಯಾಗಿ ಹಿಡ್ಕೊಂಡೇ ಇರುತ್ತೆ, ಯಾರಾದ್ರೂ ಸಿಕ್ಕಿಹಾಕ್ಕೊಂಡಿದ್ರೆ ಕೈಯಲ್ಲಿ ದಬ್ಬಿದ್ರೆ ಅಲ್ಲಾಡಲ್ಲ, ಕೀ ಹಾಕಿ ಲಿವರ್ ತಿರುಗಿಸಿದ್ರೇನೇ ಬಿಡೋದು. ಎಷ್ಟೋ ಮನೇಲಿ ಆ ಕೀ ಬೀರು ಒಳಗೆ ಇರುತ್ತೆ. ಅದನ್ನ ಬಾಗಿಲ ಹತ್ರ ಮಗುವಿಗೆ ಎಟುಕದ ಎತ್ತರದಲ್ಲಿ ತಗುಲಿಹಾಕಿ, ನೀವು, ಯಜಮಾನ್ರು, ಮಗ, ಸೊಸೆ, ಮನೆ ಕೆಲ್ಸದವ್ರು ಎಲ್ಲಾ ಒಂದೊಂದ್ಸಲ ನಿಮ್ಮ ಕೈಯಾರೆ ತೆಗೆದು ನೋಡಿ.